ಎಳೆ ಜೋಳ ಕಲಿಸಿದ ಪಾಠ

ಹೋದ ಬೇಸಿಗೆಯಲ್ಲಿ ಹಾಸ್ಟೆಲಿನಿಂದ ಊರಿಗೆ ಬಂದಿದ್ದೆ. ಅಪ್ಪ ಸಂತೆಗೆ ಹೋಗಿದ್ದರಿಂದ ದನಗಳಿಗೆ ಮೇವು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬೋರ್‌ವೆಲ್ ಪಕ್ಕದಲ್ಲಿ ಕೊಯ್ದಿದ್ದ ಮೇವಿನ ಜೋಳದ ಕೂಳೆ ಮತ್ತೆ ಚಿಗುರಿತ್ತು. ಮೊಣಕಾಲೆತ್ತರವೂ ಇರಲಿಲ್ಲ, ನೀರಿಲ್ಲದೆ ಬಾಡಿತ್ತು. ಸುಮ್ಮನೆ ಒಣಗುವ ಬದಲು ದನಗಳಾದರೂ ತಿನ್ನಲಿ ಎಂದು ಕೊಯ್ದು ತಂದೆ.

‘ಎಳೀ ಜೋಳ ದನಕ್ಕ ಹಾಕಬ್ಯಾಡೋ ತಮ್ಮಾ, ನಂಜ ಆಗ್ತೈತಿ’ ಎಂದ ಕಟ್ಟೆಯ ಮೇಲೆ ಕೂತಿದ್ದ ಅಜ್ಜ. ‘ಹಸಿ ಮೇವಿನಾಗ ಎಂಥಾ ನಂಜ ಅಜ್ಜಾ’ ಎಂದು ನಕ್ಕುಬಿಟ್ಟೆ.

ಅರ್ಧ ಗಂಟೆಯೊಳಗೆ ಮಣಕ ಏದುಸಿರು ಬಿಡತೊಡಗಿತು. ಬಾಯಲ್ಲಿ ನೊರೆ, ಕಾಲಲ್ಲಿ ನಡುಕ. ಪಶುವೈದ್ಯರು ಬರುವಷ್ಟರಲ್ಲಿ ಸತ್ತೇಹೋಯಿತು. ಕಡಿಮೆ ತಿಂದಿದ್ದ ಆಕಳನ್ನು ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಕೊಟ್ಟು ಉಳಿಸಿದರು. ‘ಸಯನೈಡ್’ ಎಂದರು ಅವರು. ನನಗೆ ನಂಬಲಾಗಲಿಲ್ಲ. ದಿನವೂ ರೊಟ್ಟಿ ತಿನ್ನುವ ಜೋಳದಲ್ಲಿ ಸಯನೈಡ್?

ಹಾಸ್ಟೆಲಿಗೆ ಮರಳಿದ ಮೇಲೆ ಓದಿದೆ. ಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ರಾಸಾಯನಿಕವಿದೆ. ಅದನ್ನು ಒಡೆಯುವ ಕಿಣ್ವವೂ ಅದೇ ಎಲೆಯಲ್ಲಿದೆ, ಆದರೆ ಬೇರೆ ಕೋಣೆಯಲ್ಲಿ. ಎರಡು ಟ್ಯೂಬಿನಲ್ಲಿ ಬರುವ ಅಂಟಿನ ಹಾಗೆ, ಬೆರೆಯುವ ತನಕ ಏನೂ ಆಗುವುದಿಲ್ಲ. ದನ ಜಗಿದಾಗ ಕೋಣೆಗಳು ಒಡೆದು ಎರಡೂ ಬೆರೆಯುತ್ತವೆ, ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಆಗ ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಲಾರವು.

ಎಳೆಯದರಲ್ಲೇ ಯಾಕೆ ಇಷ್ಟು ವಿಷ? ಲೆಕ್ಕ ಸರಳ. ನಾಲ್ಕೇ ಎಲೆಯ ಸಸಿ ಎರಡು ಎಲೆ ಕಳೆದುಕೊಂಡರೆ ಅರ್ಧ ಆಸ್ತಿಯೇ ಹೋದಂತೆ. ಬೆಳೆದ ಗಿಡಕ್ಕೆ ಅದು ದೊಡ್ಡ ನಷ್ಟವಲ್ಲ. ವಿಷ ತಯಾರಿಸುವುದೂ ಪುಕ್ಕಟೆಯಲ್ಲ, ಅದಕ್ಕೆ ಸಾರಜನಕ ಬೇಕು. ಗಿಡ ಬಲಿತಂತೆ ಎಲೆಯಲ್ಲಿ ಧುರಿನ್ ಪ್ರಮಾಣ ಇಳಿಯುತ್ತದೆ, ಬದಲಿಗೆ ನಾರು ಹೆಚ್ಚಿ ಎಲೆ, ದಂಟು ಗಡುಸಾಗುತ್ತವೆ. ಬಲಿತ ಕಾಳಿನಲ್ಲಿ ಧುರಿನ್ ಇರುವುದೇ ಇಲ್ಲ ಎನ್ನಬಹುದು. ಹಾಗಾಗಿ ನಮ್ಮ ರೊಟ್ಟಿಗೆ ಭಯವಿಲ್ಲ. ಅದೇ ಕಾಳು ಮೊಳಕೆಯೊಡೆದರೆ ವಿಷ ಮತ್ತೆ ಹುಟ್ಟುತ್ತದೆ!

ಇದು ಜೋಳದ ಕತೆ ಮಾತ್ರವಲ್ಲ. ಎಳೆ ಬೂರುಗದ ಕಾಂಡದ ತುಂಬ ಮುಳ್ಳು, ಮರ ದೊಡ್ಡದಾದಂತೆ ಅವು ಕಡಿಮೆಯಾಗುತ್ತವೆ. ಬೀಜದಿಂದ ಎದ್ದ ನಿಂಬೆ ಸಸಿಗೂ ಮೊದಲ ವರ್ಷಗಳಲ್ಲೇ ಉದ್ದುದ್ದ ಮುಳ್ಳು. ಎಲ್ಲ ಗಿಡಗಳೂ ಹೀಗೇ ಅಲ್ಲ. ಇಂಗ್ಲೆಂಡಿನ ಓಕ್ ಮರಗಳಲ್ಲಿ ಎಲೆ ಬಲಿತಂತೆ ಟ್ಯಾನಿನ್ ಏರುತ್ತದೆ ಎಂದು ಪಾಲ್ ಫೀನಿ ಎಂಬ ವಿಜ್ಞಾನಿ 1970ರಲ್ಲಿ ಪ್ರಕಟಿಸಿದರು. ಅಲ್ಲಿನ ಕಂಬಳಿಹುಳುಗಳು ಎಲೆ ಎಳೆಯದಿದ್ದಾಗಲೇ ಮುಗಿಬೀಳುವುದು ಅದಕ್ಕೇ.

ನನ್ನಂತೆ ರಜೆಯಲ್ಲಿ ಹೊಲಕ್ಕೆ ಹೋಗುವ ಗೆಳೆಯರಿಗೆ ಒಂದು ಮಾತು. ಮೇವಿನ ಜೋಳವನ್ನು ಹೂ ಬಿಡುವ ಹೊತ್ತಿಗೆ ಕೊಯ್ಯಿರಿ. ಕೂಳೆ ಚಿಗುರು, ಬರಕ್ಕೆ ಬಾಡಿದ ಪೈರು, ಯೂರಿಯಾ ಹೆಚ್ಚು ಬಿದ್ದ ಪೈರು ಇವುಗಳಲ್ಲಿ ಅಪಾಯ ಜಾಸ್ತಿ. ನಾನು ಕೊಯ್ದದ್ದು ಕೂಳೆ ಚಿಗುರು, ಅದೂ ಬಾಡಿದ್ದು. ಎರಡು ತಪ್ಪು ಒಟ್ಟಿಗೇ ಮಾಡಿದ್ದೆ. ದನ ನಡುಗತೊಡಗಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಆ ಮಣಕ ಕರು ಹಾಕಿದರೆ ಹಾಲಿನ ದುಡ್ಡು ನನ್ನ ಮುಂದಿನ ವರ್ಷದ ಫೀಸಿಗೆ ಎಂದು ಅಪ್ಪ ಲೆಕ್ಕ ಹಾಕಿದ್ದರು. ಸಂತೆಯಿಂದ ಬಂದವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಜ್ಜನಿಗೆ ಧುರಿನ್ ಎಂಬ ಹೆಸರು ಗೊತ್ತಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಅಜ್ಜನ ಕೈಯಲ್ಲಿ ಒಂದು ದನವೂ ಹೀಗೆ ಸತ್ತಿಲ್ಲ. ಈಗ ಊರಿಗೆ ಹೋದರೆ ಮೊದಲು ಅಜ್ಜನನ್ನು ಕೇಳಿಯೇ ಕುಡುಗೋಲು ಹಿಡಿಯುತ್ತೇನೆ.