ಮೈಗ್ರೇನ್: ತಪ್ಪು ಮೊಸರಿನದೋ, ತಡವಾದ ಊಟದ್ದೋ?

ಮೈಗ್ರೇನ್ ಎಂದು ಡಾಕ್ಟರು ಹೇಳಿದ ಮರುದಿನದಿಂದಲೇ ಮನೆಯಲ್ಲಿ ‘ಬೇಡ’ಗಳ ಪಟ್ಟಿ ಬೆಳೆಯತೊಡಗುತ್ತದೆ. ಮೊಸರು ಬೇಡ, ಬಾಳೆಹಣ್ಣು ಬೇಡ, ಕಡಲೆಕಾಯಿ ಬೇಡ, ನಿಂಬೆಹುಳಿ ಬೇಡ, ಚಾಕೊಲೇಟ್ ಬೇಡ, ಹುಳಿ ಬಂದ ದೋಸೆಹಿಟ್ಟು ಬೇಡ. ಒಂದನ್ನು ಅತ್ತೆ ಹೇಳಿರುತ್ತಾರೆ, ಇನ್ನೊಂದನ್ನು ಪಕ್ಕದ ಮನೆಯವರು, ಮತ್ತೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತಟ್ಟೆಯಲ್ಲಿ ಅನ್ನ, ತಿಳಿಸಾರು ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ತಲೆನೋವು ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಇರುತ್ತದೆ.

ಈ ಪಾಡು ಬೆರಳೆಣಿಕೆಯ ಜನರದಲ್ಲ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಮಂದಿಯನ್ನು ವಿಚಾರಿಸಿದ್ದರು. 2015ರಲ್ಲಿ ಪ್ರಕಟವಾದ ಆ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಶೇ 25.2ರಷ್ಟು ಜನರಿಗೆ ಮೈಗ್ರೇನ್ ಕಾಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟು ಜನ ಏನು ತಿನ್ನಬೇಕು, ಏನು ಬಿಡಬೇಕು ಎಂಬ ಪ್ರಶ್ನೆಗೆ ಕೇಳಿದ್ದು ಕಂಡದ್ದನ್ನೆಲ್ಲ ನಂಬದೆ, ಲೆಕ್ಕವಿಟ್ಟು ಉತ್ತರ ಹುಡುಕಬೇಕಾಗಿದೆ.

ಹೊಟ್ಟೆಯ ಮೇಲೆ ಅನುಮಾನ ಏಕೆ?

ಮೈಗ್ರೇನ್ ಬಂದಾಗ ಹಲವರಿಗೆ ವಾಂತಿಯಾಗುತ್ತದೆ. ಗಂಟೆಗಳ ಹಿಂದೆ ತಿಂದದ್ದು ಹಾಗೆಹಾಗೆಯೇ ಹೊರಬರುತ್ತದೆ. ‘ತಿಂದದ್ದು ಅರಗಲಿಲ್ಲ, ಪಿತ್ತ ಕೆರಳಿ ತಲೆಗೇರಿತು’ ಎಂದು ಮನೆಯವರು ತೀರ್ಮಾನಿಸುತ್ತಾರೆ. ಆದರೆ ಇಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ಅದಲುಬದಲಾಗಿದೆ. ಮೈಗ್ರೇನ್ ಮಿದುಳಿನ ಕಾಯಿಲೆ. ಅದು ಎದ್ದಾಗ ಮುಖ ಮತ್ತು ತಲೆಯ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರ ಕೆರಳುತ್ತದೆ. ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಒಸರಿ, ಮಿದುಳಿನ ಹೊದಿಕೆಯಲ್ಲಿರುವ ರಕ್ತನಾಳಗಳು ಹಿಗ್ಗಿ, ನೋವಿನ ಸಂಕೇತ ಬಲವಾಗುತ್ತದೆ. ಅದೇ ಹೊತ್ತಿಗೆ ವಾಕರಿಕೆ ಶುರುವಾಗಿ ಜಠರದ ಚಲನೆ ನಿಧಾನವಾಗುತ್ತದೆ. ಊಟ ಅರಗದೆ ನಿಂತದ್ದರಿಂದ ಮೈಗ್ರೇನ್ ಬಂದದ್ದಲ್ಲ. ಮೈಗ್ರೇನ್ ಬಂದದ್ದರಿಂದ ಊಟ ಅರಗದೆ ನಿಂತಿತು. ನೋವು ಜೋರಾದ ಮೇಲೆ ನುಂಗಿದ ಮಾತ್ರೆ ಬೇಗ ಹತ್ತದಿರುವುದಕ್ಕೂ ಇದೇ ಒಂದು ಕಾರಣ.

ಇನ್ನೊಂದು ದಾರಿತಪ್ಪಿಸುವ ಸಂಗತಿ ನೋವಿಗೂ ಮುಂಚೆ ನಡೆಯುತ್ತದೆ. ತಲೆ ಸಿಡಿಯಲು ಆರಂಭಿಸುವ ಕೆಲವು ಗಂಟೆ ಮೊದಲೇ, ಕೆಲವರಿಗೆ ಒಂದೆರಡು ದಿನ ಮೊದಲೇ, ಮೈಗ್ರೇನ್ ಒಳಗೊಳಗೆ ಶುರುವಾಗಿರುತ್ತದೆ. ಮೇಲಿಂದ ಮೇಲೆ ಆಕಳಿಕೆ, ಕತ್ತು ಬಿಗಿತ, ಸುಸ್ತು, ಸಿಡುಕು ಕಾಣಿಸುತ್ತವೆ. ಸಿಹಿಯದೋ ಕರಿದದ್ದರದೋ ವಿಪರೀತ ಬಯಕೆಯೂ ಹುಟ್ಟಬಹುದು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಂಶೋಧಕರು ಮೈಗ್ರೇನ್ ಇದ್ದ ಒಬ್ಬರ ಮಿದುಳನ್ನು 30 ದಿನ, ದಿನವೂ ಸ್ಕ್ಯಾನ್ ಮಾಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ನೋವು ಶುರುವಾಗುವ ಹಿಂದಿನ ದಿನವೇ ಹೈಪೋಥಲಾಮಸ್‌ನ ಚಟುವಟಿಕೆ ಬದಲಾಗಿದ್ದು ಕಂಡುಬಂತು. ಹಸಿವು, ಬಾಯಾರಿಕೆ, ನಿದ್ದೆಗಳನ್ನು ನೋಡಿಕೊಳ್ಳುವ ಭಾಗವದು. ಹಾಗಾದರೆ ಸಂಜೆ ಚಾಕೊಲೇಟ್ ತಿಂದು ರಾತ್ರಿ ತಲೆನೋವು ಬಂದವರ ಮಟ್ಟಿಗೆ ಏನಾಗಿರಬಹುದು? ಚಾಕೊಲೇಟ್ ನೋವನ್ನು ತಂದಿರಬಹುದು. ಆಗಲೇ ಶುರುವಾಗಿದ್ದ ಮೈಗ್ರೇನೇ ಚಾಕೊಲೇಟಿನ ಆಸೆ ಹುಟ್ಟಿಸಿರಲೂಬಹುದು.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇಪದೇ ತಲೆನೋವು ಬರುತ್ತಿದ್ದ 63 ಹೆಂಗಸರಿಗೆ ಒಮ್ಮೆ ಚಾಕೊಲೇಟ್, ಒಮ್ಮೆ ಅದೇ ಬಣ್ಣದ, ಅದೇ ರುಚಿ ಬರುವಂತೆ ಮಾಡಿದ ಕ್ಯಾರಬ್ ಕಾಯಿಯ ತಿಂಡಿ ಕೊಟ್ಟರು. ಯಾವುದು ಯಾವುದೆಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಚಾಕೊಲೇಟಿನಿಂದ ತಲೆನೋವು ಹೆಚ್ಚಾಗಲಿಲ್ಲ. ತನಗೆ ಚಾಕೊಲೇಟ್ ಆಗುವುದಿಲ್ಲ ಎಂದು ನಂಬಿದ್ದವರಲ್ಲೂ ಫಲಿತಾಂಶ ಬದಲಾಗಲಿಲ್ಲ.

ಪಟ್ಟಿ ಹುಟ್ಟಿದ ಬಗೆ

ಇಂದು ಓಡಾಡುವ ‘ಬೇಡ’ ಪಟ್ಟಿಗಳ ಒಂದು ಮೂಲ 1960ರ ದಶಕದಲ್ಲಿದೆ. ಖಿನ್ನತೆಗೆ ಎಂಎಓ ಪ್ರತಿರೋಧಕ ಎಂಬ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಹಳೆಯ ಚೀಸ್ ತಿಂದಾಗ ರಕ್ತದೊತ್ತಡ ಏರಿ ಭಯಂಕರ ತಲೆನೋವು ಬರುತ್ತಿತ್ತು. ಚೀಸಿನಲ್ಲಿದ್ದ ಟೈರಮಿನ್ ಅದಕ್ಕೆ ಕಾರಣ. ಪ್ರೋಟೀನಿನ ಟೈರೋಸಿನ್ ಅಂಶವನ್ನು ಸೂಕ್ಷ್ಮಜೀವಿಗಳು ಒಡೆದಾಗ ಟೈರಮಿನ್ ಹುಟ್ಟುತ್ತದೆ. ಆಹಾರ ಹಳೆಯದಾದಷ್ಟೂ ಹೆಚ್ಚುತ್ತದೆ. ಸಾಮಾನ್ಯವಾಗಿ ದೇಹದ ಎಂಎಓ ಕಿಣ್ವ ಅದನ್ನು ನಿವಾರಿಸುತ್ತದೆ, ಆ ಮಾತ್ರೆ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಇದರ ಜಾಡು ಹಿಡಿದ ಬ್ರಿಟನ್ನಿನ ವೈದ್ಯೆ ಎಡ್ಡಾ ಹ್ಯಾನಿಂಗ್ಟನ್, ಕೆಲವು ಮೈಗ್ರೇನ್ ರೋಗಿಗಳಿಗೂ ಟೈರಮಿನ್ ಆಗುವುದಿಲ್ಲ ಎಂದು 1967ರಲ್ಲಿ ವರದಿ ಮಾಡಿದರು. ಆಮೇಲೆ ಬೇರೆಯವರು ನಡೆಸಿದ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಅದನ್ನು ಸಮರ್ಥಿಸಲಿಲ್ಲ. ಅಷ್ಟರಲ್ಲಿ ಪಟ್ಟಿ ಮಾತ್ರ ಊರೂರು ಸುತ್ತಿ ಬಂದಿತ್ತು.

ಎಂಎಓ ಪ್ರತಿರೋಧಕ ಮಾತ್ರೆ ತೆಗೆದುಕೊಳ್ಳುವವರು ಈಗಲೂ ಟೈರಮಿನ್ ಪಥ್ಯ ಮಾಡಲೇಬೇಕು. ಉಳಿದವರು ತಿಂಗಳುಗಟ್ಟಲೆ ಹಣ್ಣಾಗುವ ಚೀಸನ್ನೂ ಒಂದೇ ರಾತ್ರಿಯಲ್ಲಿ ಉಬ್ಬುವ ಇಡ್ಲಿಹಿಟ್ಟನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ.

ಮೊಸರಿನ ಲೆಕ್ಕ

ನಮ್ಮ ಅನುಮಾನಗಳಲ್ಲಿ ಹೆಚ್ಚಿನವು ಹೇಗೆ ಹುಟ್ಟುತ್ತವೆ ಎಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರು 60 ದಿನ ಡೈರಿ ಬರೆದರು ಎಂದುಕೊಳ್ಳಿ. ಅಷ್ಟು ದಿನಗಳಲ್ಲಿ 10 ಸಲ ಮೈಗ್ರೇನ್ ಬಂತು. ಹಿಂದಿರುಗಿ ನೋಡಿದರೆ 10ರಲ್ಲಿ 8 ಸಲ ಆ ದಿನ ಮೊಸರನ್ನ ತಿಂದಿದ್ದರು. ‘ನೋಡಿ, ಮೊಸರೇ ಕಾರಣ’ ಎಂದು ಯಾರಾದರೂ ಹೇಳಿಯಾರು.

ಆದರೆ ತಲೆನೋವು ಬಾರದ ದಿನಗಳನ್ನೂ ನೋಡಬೇಕಲ್ಲ! ಮೊಸರು ತಿಂದದ್ದು 60ರಲ್ಲಿ 48 ದಿನ. ಅದರಲ್ಲಿ 8 ದಿನ ನೋವು. ಅಂದರೆ ಆರಕ್ಕೊಂದು. ಮೊಸರು ತಿನ್ನದ ದಿನಗಳು 12. ಅದರಲ್ಲಿ 2 ದಿನ ನೋವು. ಅದೂ ಆರಕ್ಕೊಂದೇ. ಮೊಸರು ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ದಿನವೂ ತಟ್ಟೆಗೆ ಬರುವ ಪದಾರ್ಥ ಪ್ರತಿ ತಲೆನೋವಿನ ದಿನವೂ ಅಲ್ಲಿ ಇದ್ದೇ ಇರುತ್ತದೆ. ಅಷ್ಟರಿಂದ ತಪ್ಪು ಅದರದಾಗುವುದಿಲ್ಲ.

ಅದೇ ಡೈರಿಯಲ್ಲಿ ಮಧ್ಯಾಹ್ನದ ಊಟ ತಪ್ಪಿದ ಅಥವಾ ಬಹಳ ತಡವಾದ ದಿನಗಳು 9 ಇದ್ದು, ಅದರಲ್ಲಿ 5 ದಿನ ಮೈಗ್ರೇನ್ ಬಂದಿದೆ ಎಂದುಕೊಳ್ಳಿ. ಹೊತ್ತಿಗೆ ಸರಿಯಾಗಿ ಉಂಡ 51 ದಿನಗಳಲ್ಲೂ ನೋವು ಬಂದದ್ದು 5 ದಿನ. ಒಂದೆಡೆ ಎರಡಕ್ಕೊಂದಕ್ಕಿಂತ ಹೆಚ್ಚು, ಇನ್ನೊಂದೆಡೆ ಹತ್ತಕ್ಕೊಂದು. ಅನುಮಾನಕ್ಕೆ ಇಲ್ಲಿ ಆಧಾರವಿದೆ. ಡೈರಿಯನ್ನು ಹೀಗೆ ನಾಲ್ಕು ಮನೆಗಳಲ್ಲಿ ಎಣಿಸಬೇಕು: ತಿಂದು ನೋವು ಬಂದದ್ದು, ತಿಂದೂ ಬಾರದ್ದು, ತಿನ್ನದೆ ಬಂದದ್ದು, ತಿನ್ನದೆ ಬಾರದ್ದು. ನಮ್ಮ ನೆನಪಿನಲ್ಲಿ ಉಳಿಯುವುದು ಮೊದಲನೆಯದೊಂದೇ.

ತಿಂದದ್ದಕ್ಕಿಂತ ತಿನ್ನದೇ ಇದ್ದದ್ದು

ಮೇಲಿನ ಅಂಕಿಗಳು ಉದಾಹರಣೆಗೆ ಹಾಕಿದವಾದರೂ ಅವು ಹೇಳುವ ಸಂಗತಿ ನಿಜ. ಅಮೆರಿಕದ ವೈದ್ಯ ಲೆಸ್ಲಿ ಕೆಲ್‌ಮನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈಗ್ರೇನ್ ಕೆರಳಿಸುವುದು ಏನೆಂದು ಕೇಳಿದಾಗ ಆಹಾರ ಎಂದವರು ಶೇ 26.9. ಊಟ ಬಿಡುವುದು ಎಂದವರು ಶೇ 57.3. ಮಾನಸಿಕ ಒತ್ತಡಕ್ಕೆ ಶೇ 79.7, ನಿದ್ದೆಯ ಏರುಪೇರಿಗೆ ಶೇ 49.8. ಇವು ರೋಗಿಗಳೇ ಹೇಳಿದ ಮಾತುಗಳು, ಅಳೆದು ಸಾಬೀತುಪಡಿಸಿದವಲ್ಲ. ಆದರೂ ರೋಗಿಗಳ ಅನುಭವದಲ್ಲೇ ಹಸಿವು ಆಹಾರಕ್ಕಿಂತ ಎರಡು ಪಟ್ಟು ಮುಂದಿದೆ ಎಂಬುದನ್ನು ಗಮನಿಸಬೇಕು. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣದಲ್ಲಿ ಉಪವಾಸದ ತಲೆನೋವಿಗೆ ಪ್ರತ್ಯೇಕ ಸ್ಥಾನವೇ ಇದೆ. ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಏನೂ ತಿನ್ನದಿರುವುದು ಅದರ ಲಕ್ಷಣ.

ನಮ್ಮ ಮನೆಗಳಲ್ಲಿ ಎಂಟು ಗಂಟೆ ಹಸಿದಿರುವವರು ಯಾರು? ಎಲ್ಲರಿಗೂ ಬಡಿಸಿ, ಪೂಜೆ ಮುಗಿಸಿ, ಕೊನೆಗೆ ತಾವು ಉಣ್ಣುವ ಗೃಹಿಣಿ. ತಿಂಡಿ ತಿನ್ನದೆ ಗಾರ್ಮೆಂಟ್ ಕಾರ್ಖಾನೆಯ ಬಸ್ ಹತ್ತುವ ಹುಡುಗಿ. ನಸುಕಿನಲ್ಲೇ ಹೊಲಕ್ಕೆ ಹೋಗಿ ಬಿಸಿಲೇರಿದ ಮೇಲೆ ಬುತ್ತಿ ಬಿಚ್ಚುವವರು. ಮೈಗ್ರೇನ್ ಹೆಚ್ಚು ಕಾಡುವುದು ಹೆಂಗಸರನ್ನೇ. ಅವರ ತಟ್ಟೆಯಿಂದ ಮೊಸರು ತೆಗೆಯುವ ಮುಂಚೆ ಆ ತಟ್ಟೆಗೆ ಹೊತ್ತಿಗೆ ಸರಿಯಾಗಿ ಊಟ ಬೀಳುತ್ತಿದೆಯೇ ಎಂದು ಮನೆಯವರೆಲ್ಲ ಕೇಳಿಕೊಳ್ಳಬೇಕು. ಏಕಾದಶಿ, ಶಿವರಾತ್ರಿಗಳಲ್ಲಿ ನಿರಾಹಾರವೇ ಆಗಬೇಕೆಂದಿಲ್ಲ, ಹಾಲು ಹಣ್ಣುಗಳ ಫಲಾಹಾರಕ್ಕೆ ಸಂಪ್ರದಾಯದಲ್ಲೇ ಜಾಗವಿದೆ. ರಂಜಾನ್ ಉಪವಾಸ ಮಾಡುವವರು ಸಹರಿ ಊಟ ತಪ್ಪಿಸಬಾರದು, ಔಷಧಿಯ ವೇಳೆಯನ್ನು ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಬೇಕು.

ಎಚ್ಚರ ಬೇಕಾದವು

ಹಾಗೆಂದು ಎಲ್ಲ ಆಹಾರವೂ ನಿರಪಾಯ ಎಂದಲ್ಲ. ಮದ್ಯದ, ಅದರಲ್ಲೂ ರೆಡ್ ವೈನಿನ ವಿಷಯದಲ್ಲಿ ಪುರಾವೆ ಇದೆ. 1988ರಲ್ಲಿ ಬ್ರಿಟನ್ನಿನ ಸಂಶೋಧಕರು, ರೆಡ್ ವೈನ್ ತಮಗೆ ಆಗುವುದಿಲ್ಲ ಎನ್ನುತ್ತಿದ್ದವರಿಗೆ ಏನು ಕುಡಿಯುತ್ತಿದ್ದೇವೆಂದು ತಿಳಿಯದಂತೆ ವೈನ್ ಅಥವಾ ಅಷ್ಟೇ ಮದ್ಯಸಾರವಿದ್ದ ವೋಡ್ಕಾ ಕೊಟ್ಟರು. ವೈನ್ ಕುಡಿದ 11 ಮಂದಿಯಲ್ಲಿ 9 ಮಂದಿಗೆ ಮೈಗ್ರೇನ್ ಬಂತು. ವೋಡ್ಕಾ ಕುಡಿದ 8 ಮಂದಿಯಲ್ಲಿ ಒಬ್ಬರಿಗೂ ಬರಲಿಲ್ಲ. ನೈಟ್ರೈಟ್ ಬೆರೆಸಿ ಕೆಡದಂತೆ ಇಟ್ಟ ಸಾಸೇಜ್, ಸಲಾಮಿಯಂಥ ಮಾಂಸವೂ ಕೆಲವರಿಗೆ ಆಗದು.

ಕಾಫಿಯ ಕಥೆ ಎರಡು ಮುಖದ್ದು. ಕೆಫೀನ್ ನೋವುನಿವಾರಕ ಮಾತ್ರೆಗಳಲ್ಲೂ ಇರುತ್ತದೆ, ಸ್ವಲ್ಪ ಹಿತವನ್ನೂ ಮಾಡುತ್ತದೆ. ಆದರೆ ದಿನಕ್ಕೆ 200 ಮಿಲಿಗ್ರಾಂಗಿಂತ ಹೆಚ್ಚು ಕೆಫೀನನ್ನು ಎರಡು ವಾರಕ್ಕೂ ಮೀರಿ ರೂಢಿ ಮಾಡಿಕೊಂಡವರು ಅದನ್ನು ಥಟ್ಟನೆ ಬಿಟ್ಟರೆ 24 ಗಂಟೆಯೊಳಗೆ ತಲೆನೋವು ಬರಬಹುದು. ಭಾನುವಾರ ತಡವಾಗಿ ಎದ್ದು, ಕಾಫಿಯೂ ತಡವಾಗಿ, ತಿಂಡಿಯೂ ತಡವಾದ ದಿನ ತಲೆ ಸಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಫಿಲ್ಟರ್ ಕಾಫಿ ಪ್ರಿಯರು ದಿನಕ್ಕೆ ಒಂದೆರಡು ಲೋಟ, ದಿನವೂ ಅದೇ ಹೊತ್ತಿಗೆ ಎಂಬ ಕ್ರಮ ಇಟ್ಟುಕೊಂಡರೆ ಒಳ್ಳೆಯದು. ಬಿಡಬೇಕೆನಿಸಿದರೆ ಮೆಲ್ಲಮೆಲ್ಲನೆ ಕಡಿಮೆ ಮಾಡಿ.

ಪರೀಕ್ಷಿಸುವ ಕ್ರಮ

ಒಂದೇ ಪದಾರ್ಥ ಒಂದು ದಿನ ಕಾಡಿ ಇನ್ನೊಂದು ದಿನ ಸುಮ್ಮನಿರುವುದೂ ಉಂಟು. ಕೆರೆ ಕೋಡಿ ಬಿದ್ದಾಗ ಕೊನೆಯ ಮಳೆಯೊಂದನ್ನೇ ದೂರಿದರೆ ಹೇಗೆ? ನಿದ್ದೆಗೆಟ್ಟಿದ್ದು, ಮುಟ್ಟಿನ ದಿನಗಳು, ಬಿಸಿಲಿನ ಪ್ರಯಾಣ, ಊದುಬತ್ತಿಯ ಘಾಟು ಎಲ್ಲ ಸೇರಿಯೇ ಮಿದುಳಿನ ಸಹನೆಯ ಮಿತಿ ಮೀರುತ್ತದೆ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್, ತಲೆಸ್ನಾನ ಮೈಗ್ರೇನ್ ಕೆರಳಿಸುವ 94 ಮಂದಿಯ ವಿವರವನ್ನೇ ದಾಖಲಿಸಿದ್ದಾರೆ. ಆದ್ದರಿಂದ ಡೈರಿಯಲ್ಲಿ ಬರೀ ಊಟ ಬರೆದರೆ ಸಾಲದು. ಎದ್ದ ಹೊತ್ತು, ಮಲಗಿದ ಹೊತ್ತು, ಪ್ರತಿ ಊಟದ ಗಂಟೆ, ಕಾಫಿ ಚಹಾ ಎಷ್ಟು, ಮುಟ್ಟಿನ ದಿನ, ತಲೆಸ್ನಾನ, ನೋವು ಶುರುವಾದ ಗಂಟೆ, ನುಂಗಿದ ಮಾತ್ರೆ ಇಷ್ಟನ್ನು ದಿನಕ್ಕೆ ಎರಡು ಸಾಲಿನಲ್ಲಿ ಬರೆಯಬಹುದು. ನೋವಿಲ್ಲದ ದಿನವೂ ಬರೆಯಬೇಕು.

ಮೊದಲ ತಿಂಗಳು ಯಾವುದನ್ನೂ ಬಿಡಬೇಡಿ. ಊಟ ನಿದ್ದೆಗಳ ವೇಳೆಯನ್ನಷ್ಟೇ ಸರಿಪಡಿಸಿ. ಅಷ್ಟಕ್ಕೇ ನೋವಿನ ದಿನಗಳು ಕಡಿಮೆಯಾದರೆ ಪಥ್ಯದ ಅಗತ್ಯವೇ ಬೀಳದಿರಬಹುದು. ಆಮೇಲೂ ಒಂದು ಪದಾರ್ಥದ ಮೇಲೆ ಅನುಮಾನ ಉಳಿದರೆ ಅದೊಂದನ್ನೇ ಬಿಟ್ಟು ನೋಡಿ. ಎಷ್ಟು ದಿನ ಎಂಬುದು ನಿಮ್ಮ ಮೈಗ್ರೇನ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ಮೇಲೆ ನಿಂತಿದೆ. ವಾರಕ್ಕೊಮ್ಮೆ ಬರುವವರಿಗೆ ನಾಲ್ಕು ವಾರ ಸಾಕಾಗಬಹುದು, ತಿಂಗಳಿಗೊಮ್ಮೆ ಬರುವವರಿಗೆ ಮೂರು ತಿಂಗಳಾದರೂ ಬೇಕು. ಬಿಟ್ಟಾಗ ನೋವು ಕಡಿಮೆಯಾದರೆ ಅಲ್ಲಿಗೇ ನಿಲ್ಲಬೇಡಿ. ಅದನ್ನು ಮತ್ತೆ ತಿಂದು ನೋಡಿ. ಮೈಗ್ರೇನ್ ತಾನಾಗಿಯೇ ಏರಿಳಿಯುವ ಕಾಯಿಲೆಯಾದ್ದರಿಂದ, ಮರಳಿ ತಿಂದಾಗ ಒಂದಕ್ಕಿಂತ ಹೆಚ್ಚು ಸಲ ನೋವು ಮರಳಿದರೆ ಮಾತ್ರ ಆ ಪದಾರ್ಥವನ್ನು ದೂರವಿಡಬಹುದು. ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇಂಥ ಪಥ್ಯಕ್ಕೆ ಇಳಿಯಬಾರದು.

ಬಿಡುವುದರ ಜೊತೆಗೆ ಸೇರಿಸುವುದನ್ನೂ ಯೋಚಿಸಬೇಕು. ಅಮೆರಿಕದಲ್ಲಿ 182 ಮಂದಿಯ ಮೇಲೆ 16 ವಾರ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೀನಿನಲ್ಲಿರುವ ಒಮೆಗಾ-3 ಕೊಬ್ಬನ್ನು ಹೆಚ್ಚಿಸಿ, ಕೆಲವು ಅಡುಗೆ ಎಣ್ಣೆಗಳಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲವನ್ನು ತಗ್ಗಿಸಿದ ಆಹಾರ ಉಂಡವರಿಗೆ ತಿಂಗಳಿಗೆ ಸುಮಾರು 4 ತಲೆನೋವಿನ ದಿನಗಳು ಕಡಿಮೆಯಾದವು. ಕರಾವಳಿಯವರ ಬೂತಾಯಿ, ಬಂಗುಡೆ ಒಮೆಗಾ-3 ಸಮೃದ್ಧವಾಗಿರುವ ಮೀನುಗಳೇ. ಅಗಸೆಬೀಜದಲ್ಲಿರುವ ಒಮೆಗಾ-3 ಬೇರೆ ಬಗೆಯದು; ಅದು ದೇಹದಲ್ಲಿ ಮೀನಿನ ಬಗೆಯದಾಗಿ ಮಾರ್ಪಡುವುದು ಅಲ್ಪ.

ಡೈರಿ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಹಲವು ನೋವುನಿವಾರಕಗಳನ್ನು ಸೇರಿಸಿದ ಮಾತ್ರೆಗಳನ್ನು 10 ದಿನ ಮುಟ್ಟುವಷ್ಟು ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ, ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ಹಾಗೆಯೇ ಸಿಡಿಲಿನಂತೆ ಥಟ್ಟನೆ ಎರಗಿದ ನೋವು, ಜ್ವರ ಮತ್ತು ಕತ್ತು ಬಿಗಿತದೊಂದಿಗೆ ಬಂದದ್ದು, ಕೈಕಾಲು ಸೋತು ಮಾತು ತೊದಲಿದ್ದು, ಐವತ್ತರ ನಂತರ ಹೊಸದಾಗಿ ಶುರುವಾದದ್ದು, ಇವಕ್ಕೆ ಡೈರಿ ಬರೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎರಡು ಮೂರು ತಿಂಗಳ ಲೆಕ್ಕ ಮುಗಿದ ಮೇಲೂ ಯಾವ ಆಹಾರವೂ ಸಿಕ್ಕಿಬೀಳದಿರಬಹುದು. ಅದನ್ನು ಸೋಲೆಂದು ತಿಳಿಯಬೇಡಿ. ನಿಮ್ಮ ಮೈಗ್ರೇನಿಗೆ ಊಟ ಕಾರಣವಲ್ಲ, ನೀವು ‘ಬಾಯಿಕಟ್ಟದೆ’ ತಂದುಕೊಂಡ ಕಾಯಿಲೆಯೂ ಇದಲ್ಲ ಎಂಬುದಕ್ಕೆ ನಿಮ್ಮ ಕೈಬರಹದಲ್ಲೇ ಸಿಕ್ಕ ಆಧಾರವದು. ಅದನ್ನು ಹಿಡಿದು ನರರೋಗ ತಜ್ಞರ ಹತ್ತಿರ ಹೋಗಿ. ನೋವನ್ನು ಬರುವ ಮುಂಚೆಯೇ ತಡೆಯುವ ಔಷಧಿಗಳು ಇಂದು ಹಲವಾರಿವೆ, ಯಾವುದು ನಿಮಗೆ ಹೊಂದುತ್ತದೆ ಎಂದು ನಿರ್ಧರಿಸಲು ಆ ಡೈರಿಯೇ ಅವರಿಗೆ ಬೇಕಾದದ್ದು. ಅಲ್ಲಿಯವರೆಗೆ ಮೊಸರನ್ನವನ್ನು ಹೆದರದೆ ಉಣ್ಣಿ, ಹೊತ್ತಿಗೆ ಸರಿಯಾಗಿ ಉಣ್ಣಿ.