ಗರ್ಭಿಣಿಯ ರಕ್ತದೊತ್ತಡ ಮತ್ತು ಸುಣ್ಣದಂಶ

ಗರ್ಭಧಾರಣೆಯ 20 ವಾರಗಳ ತರುವಾಯ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಗರ್ಭನಂಜಿನ ಲಕ್ಷಣ. ಇದು ತಾಯಿ-ಮಗು ಇಬ್ಬರಿಗೂ ಪ್ರಾಣಾಪಾಯಕಾರಿ.

ಆಹಾರದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಿರುವ ಗರ್ಭಿಣಿಯರಲ್ಲಿ ಈ ಅಪಾಯ ಹೆಚ್ಚು. ಆದರೆ ರಕ್ತಪರೀಕ್ಷೆಯಲ್ಲಿ ಕೊರತೆ ಗೋಚರಿಸದಿರಬಹುದು. ಏಕೆಂದರೆ ದೇಹವು ತಾಯಿಯ ಮೂಳೆಗಳಿಂದಲೇ ಅದನ್ನು ಸೆಳೆದು ರಕ್ತದ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಆದ್ದರಿಂದ ವರದಿ ಸರಿಯಿದೆಯೆಂದು ಮಾತ್ರೆಯನ್ನು ಬಿಡಲಾಗದು.

ಸರ್ಕಾರದ ಮಾರ್ಗಸೂಚಿಯಂತೆ 14ನೆಯ ವಾರದಿಂದ ದಿನಕ್ಕೆ 500 ಮಿಲಿಗ್ರಾಂನ ಎರಡು ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದೊಡನೆ ಸೇವಿಸಬೇಕು. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ. ರಾಗಿ, ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ನಿತ್ಯದ ಆಹಾರವಾಗಲಿ.

ಮಾತ್ರೆಯು ಅಪಾಯವನ್ನು ತಗ್ಗಿಸುವುದೇ ಹೊರತು ರೋಗಕ್ಕೆ ಚಿಕಿತ್ಸೆಯಲ್ಲ. ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಮುಖದ ಊತ, ಮೇಲುಹೊಟ್ಟೆಯ ನೋವು ಕಂಡೊಡನೆ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರೆಲ್ಲರ ಕರ್ತವ್ಯ.