ಉಣ್ಣಿಯ ಮನೆ ನಾಯಿಯ ಮೈಯಲ್ಲ

ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಹರಳುಬೀಜದಂತೆ ಊದಿಕೊಂಡ ಉಣ್ಣಿಗಳನ್ನು ಕಿತ್ತು ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ನಾಯಿಗಳನ್ನು ಕಾಡುವ ಕಂದು ಉಣ್ಣಿ ಆಯುಷ್ಯದ ಬಹುಪಾಲನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಗೂಡಿನ ಮೂಲೆಯಲ್ಲಿ.

ಹೆಣ್ಣು ಉಣ್ಣಿ ಹೊಟ್ಟೆತುಂಬ ರಕ್ತ ಹೀರಿ ಕೆಳಗುದುರುತ್ತದೆ. ಬಿರುಕಿಗೆ ನುಸುಳಿ ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಯೊಡೆದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ ರಕ್ತ ಕುಡಿದು ಉದುರುತ್ತದೆ. ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣಿಯಾಗುತ್ತದೆ. ಮತ್ತೆ ಹತ್ತಿ, ಮತ್ತೆ ಉದುರಿ ಪ್ರೌಢವಾಗುತ್ತದೆ. ನಾಯಿ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ನಾಯಿಯ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಶಾಖವನ್ನೂ ಅದರ ಮುಂಗಾಲುಗಳೇ ಗುರುತಿಸುತ್ತವೆ.

ಒಂದು ನಾಯಿಯ ರಕ್ತದಿಂದ ಉಣ್ಣಿಮರಿ ಪಡೆದ ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾ, ಆ ಮರಿ ಬೆಳೆದ ಮೇಲೆ ಕಚ್ಚುವ ಇನ್ನೊಂದು ನಾಯಿಗೆ ದಾಟುತ್ತದೆ. ಆಲ್ಜೀರಿಯಾದಲ್ಲಿ 1935ರಲ್ಲಿ ಮೊದಲು ಗುರುತಿಸಲಾದ, ಈ ಬ್ಯಾಕ್ಟೀರಿಯಾ ತರುವ ರೋಗ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸೇನೆಯ ಅನೇಕ ನಾಯಿಗಳನ್ನು ಬಲಿ ಪಡೆಯಿತು. ಬಿಳಿ ರಕ್ತಕಣಗಳಲ್ಲಿ ನೆಲೆಸುವ ಈ ಬ್ಯಾಕ್ಟೀರಿಯಾದಿಂದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಜ್ವರ ಬರುತ್ತದೆ, ನಾಯಿ ಊಟ ಬಿಡುತ್ತದೆ, ಕೆಲವಕ್ಕೆ ಮೂಗಿನಿಂದ ರಕ್ತ ಸುರಿಯುತ್ತದೆ. ಉಣ್ಣಿಯೇ ಹರಡುವ ಬೆಬೀಸಿಯಾ ಎಂಬ ಪರಾವಲಂಬಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ವಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಂದಾಗಬಹುದು. ಎರಡಕ್ಕೂ ಔಷಧ ಬೇರೆ ಬೇರೆ. ಆದ್ದರಿಂದ ರಕ್ತಪರೀಕ್ಷೆ ಬೇಕೇ ಬೇಕು. ಎರ್ಲಿಕಿಯಾಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ನಾಲ್ಕು ವಾರಗಳ ಚಿಕಿತ್ಸೆ. ನಾಯಿ ಚುರುಕಾಯಿತೆಂದು ನಡುವೆ ನಿಲ್ಲಿಸಬಾರದು. ರೋಗಾಣು ಲಕ್ಷಣ ತೋರದೆಯೂ ದೇಹದಲ್ಲಿ ಉಳಿಯಬಲ್ಲದು.

ಈ ಎರ್ಲಿಕಿಯಾಕ್ಕೆ ಲಸಿಕೆಯಿಲ್ಲ. ತಡೆಯುವುದೇ ದಾರಿ. ನಾಯಿಯ ತೂಕ, ವಯಸ್ಸು ನೋಡಿ ಪಶುವೈದ್ಯರು ಹೇಳುವ ಮಾತ್ರೆ, ಬೆನ್ನಿಗೆ ಬಿಡುವ ಹನಿ ಅಥವಾ ಔಷಧದ ಕೊರಳಪಟ್ಟಿಯನ್ನು ವರ್ಷವಿಡೀ ತಪ್ಪದೆ ಬಳಸಬೇಕು. ನಾಯಿಗಳ ಪರ್ಮೆಥ್ರಿನ್ ಔಷಧ ಬೆಕ್ಕಿಗೆ ವಿಷ. ಬೆಕ್ಕಿರುವ ಮನೆಯವರು ಎಚ್ಚರವಿರಲಿ. ಉಣ್ಣಿ ಕಚ್ಚಿದ ಕೆಲವೇ ಗಂಟೆಗಳಲ್ಲಿ ರೋಗಾಣು ದಾಟಬಲ್ಲದು, ಹಾಗಾಗಿ ಪ್ರತಿದಿನ ಮೈ ತಡವಿ ನೋಡಿ. ಉಣ್ಣಿ ಕಂಡರೆ ಚರ್ಮಕ್ಕೆ ತೀರಾ ಹತ್ತಿರ ಚಿಮಟದಿಂದ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು, ಬೆರಳಲ್ಲಿ ಹಿಸುಕುವುದು ಬೇಡ.

ಜೊತೆಗೆ ಗೂಡಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೋಡೆಗೂ ಔಷಧ ಹೊಡೆಸಬೇಕೇ ಎಂದು ವೈದ್ಯರನ್ನು ಕೇಳಿ. ನಾಯಿಗೆ ಮಾತ್ರ ಚಿಕಿತ್ಸೆ ಮಾಡಿ ಮನೆಯನ್ನು ಮರೆತರೆ ಉಣ್ಣಿ ಮತ್ತೆ ಬರುತ್ತದೆ.